ಹಾನಿಯ ಸ್ವರೂಪ

ಸುಟ್ಟ ಹತ್ತಿಯ ಗೋದಾಮು ಅಳೆದಿದ್ದೇನೆ,
ವರೂರಿನ ಹತ್ತಿರ ಮಗುಚಿದ ಲಾರಿಯ ಎಣ್ಣೆ ಡಬ್ಬಿಗಳನ್ನು
ಮಂಡಿಯುದ್ದ ಕೆಸರಿನಲ್ಲಿ ನಿಂತು ಎಣಿಸಿದ್ದೇನೆ.
ಇಪ್ಪತ್ತೆರಡು ವರ್ಷ, ವಿಮೆಯ ಸರ್ವೇಯರು ನಾನು.
ಮನುಷ್ಯನ ತೋಳಿನ ಮೇಲೆ ಟೇಪು ಹಿಡಿದದ್ದು
ಇದೇ ಮೊದಲು.

ಹುಬ್ಬಳ್ಳಿಯ ದಾಜಿಬಾನ ಪೇಟೆ, ಸೀರೆ ಅಂಗಡಿಯ ಮಾಳಿಗೆ.
ಮೆಟ್ಟಿಲು ಕಡಿದು, ಹಗ್ಗ ಹಿಡಿದು ಹತ್ತಬೇಕು
(ಗಿರಾಕಿ ಜಾರಿ ಬಿದ್ದರೆ ಅದಕ್ಕೂ ಪಾಲಿಸಿಯಲ್ಲಿ ಒಂದು ಕಲಮಿದೆ).
ಒಳಗೆ ಡೆಟಾಲಿನ ವಾಸನೆ, ಹಲ್ಲಿನ ಡಾಕ್ಟರದಂಥ ಕುರ್ಚಿ,
ಗೋಡೆಗೆ ಹುಲಿ, ತ್ರಿಶೂಲ,
ರೆಕ್ಕೆ ಬಿಚ್ಚಿದ ಏನೋ ಒಂದು.
ನಾಗೇಂದ್ರಸಾ ಕಬಾಡಿ, ವಯಸ್ಸು ಇಪ್ಪತ್ತಾರು,
ಮೂರನೇ ಕಂತು ಮೊನ್ನೆಯಷ್ಟೇ ಕಟ್ಟಿದ್ದಾನೆ.
ಪಾಲಿಸಿ ಮಾರಿದವ ಹೇಳಿದ್ದನಂತೆ,
"ಏನರ ಆಗ್ಲಿ, ನಾವು ಅದೀವಿ."
ಮಷೀನು ಎರಡು, ಸೂಜಿಯ ಪೆಟ್ಟಿಗೆ ಹದಿನಾಲ್ಕು,
ಸೂಜಿ ಬೇಯಿಸುವ ಕುಕ್ಕರಿನಂಥದ್ದು ಒಂದು.
ಏನೂ ಸುಟ್ಟಿಲ್ಲ, ಕಳುವಾಗಿಲ್ಲ,
ಯಾರಿಗೂ ನಂಜೇರಿಲ್ಲ.

ಸ್ಟೂಲಿನ ಮೇಲೆ ತಕರಾರುದಾರ,
ಫಕ್ಕೀರಪ್ಪ ತಡಕೋಡ, ಅಮರಗೋಳದ ಮಾರ್ಕೆಟ್ಟಿನ ಹಮಾಲ.
ವರ್ಷವಿಡೀ ಮೆಣಸಿನಕಾಯಿ ಚೀಲ ಹೊತ್ತ ಭುಜ;
ಅವನು ಅಂಗಿಯ ತೋಳು ಮಡಿಸಿದರೆ ನನಗೆ ಸೀನು ಬಂತು.
ಮಡಿಸಿ ತೋರಿಸಿದ:

ಅವ್‌ವ

ಉದ್ದ ಮೂರೂಕಾಲು ಇಂಚು, ಬಣ್ಣ ಕಪ್ಪುನೀಲಿ.
ಕಾಲಡಿ ಕೂರಬೇಕಾದ ಒತ್ತು
ಎದ್ದು ಬಂದು ಪಕ್ಕದಲ್ಲಿ ನಿಂತುಬಿಟ್ಟಿದೆ,
ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ.

"ಮೊಬೈಲಿನ್ಯಾಗ ಹಂಗ ಬಂದಿತ್ರಿ ಮೇಡಮ್,
ನಾ ಕಲಿತಿದ್ದು ಇಂಗ್ಲಿಷ್ ಮೀಡಿಯಂ, ಮನ್ಯಾಗ ಬ್ಯಾರೆ ಮಾತು.
ಚಿತ್ರ ಅಂತ ತಿಳದು ಎಳದೆ.
ಗೆರಿ ಒಂದರ ನಡಗೇತೇನು, ನೋಡ್ರಿ."
ನೋಡಿದೆ. ನಡುಗಿಲ್ಲ.
ಇಷ್ಟು ನಯವಾದ ತಪ್ಪನ್ನು ನಾನು ಕಂಡೇ ಇಲ್ಲ.

"ನೀ ಆವಾಗ ನೋಡಲಿಲ್ಲೇನಪಾ?"
"ಓದಾಕ ಬರಂಗಿಲ್ರಿ ನನಗ.
ಎಂಟು ದಿನ ಚೊಲೊ ಇತ್ತು.
ಚೀಲದ ಲೆಕ್ಕ ಬರಿಯೋ ಹುಡುಗ ಓದಿ ನಕ್ಕ.
ಅವತ್ತಿಂದ ಉರಿಯಾಕ ಹತ್ತೇತಿ."

ಉರಿಗೆ ಡಾಕ್ಟರ ಚೀಟಿ ಇಲ್ಲ.
ಹಾನಿಯ ಸ್ವರೂಪ ಎಂಬಲ್ಲಿ ಫಾರ್ಮಿನಲ್ಲಿ ನಾಲ್ಕು ಚೌಕ:
ಬೆಂಕಿ, ಕಳವು, ದೈಹಿಕ ಗಾಯ, ಇತರೆ.
ಇತರೆಯಾದರೆ ವಿವರಿಸಿ. ವಿವರಿಸಲು ಒಂದೂವರೆ ಗೆರೆ.
ಹನ್ನೊಂದನೇ ಪುಟದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ,
ಬರಹ, ಭಾಷೆ, ಕಾಗುಣಿತದ ದೋಷಗಳಿಗೆ
ಕಂಪನಿ ಹೊಣೆಯಲ್ಲ.

ಓದಿ ಹೇಳಿದೆ. ಕೆಳಗಡೆ ಯಾರೋ
ಸೀರೆ ಝಾಡಿಸಿ ಬಿಚ್ಚುವ ಸಪ್ಪಳ.
"ಅಂದ್ರ," ಅಂದ ಫಕ್ಕೀರಪ್ಪ,
"ನೀವು ಎದಕ್ಕ ಬಂದ್ರಿ?"

ನನ್ನ ಫೀಜು ಬರುತ್ತದೆ, ಬಂದೆ. ಅದನ್ನು ಹೇಳಲಿಲ್ಲ.
ಫಾರ್ಮಿನ ಬೆನ್ನಿಗೆ ಅಂಗೈಯಗಲ ಬರೆದೆ, ಅವ್ವ,
ಒತ್ತು ಕೊಡುವಾಗ ಕೈ ಹೇಗೆ ಕೆಳಗಿಳಿಯುತ್ತದೆಂದು
ನಿಧಾನ ತೋರಿಸಿ.
ನಾಗೇಂದ್ರಸಾ ಗಾಳಿಯಲ್ಲಿ ತಿದ್ದಿದ.
ಫಕ್ಕೀರಪ್ಪ ತೊಡೆಯ ಮೇಲೆ,
ಬೆರಳಿನಿಂದ, ಎರಡು ಸಲ.

"ರೊಕ್ಕ ಬ್ಯಾಡ ಕಾಕಾ. ಹೊರಗ ನಿಂತ ಅಕ್ಷರದ ಮ್ಯಾಲ
ಒಂದು ಎಲಿ ಬರದು ಮುಚ್ಚಿಬಿಡ್ತೀನಿ,
ಒತ್ತು ಕೆಳಗ ಹೊಸಾದು ಹಾಕ್ತೀನಿ."

"ಕೆಳಗ ಹಾಕು," ಅಂದ.
"ಮುಚ್ಚಬ್ಯಾಡ.
ಒಮ್ಮೆ ಮುಚ್ಚಿ ಬಂದೇನಿ ಆಕಿನ್ನ."

ಮಷೀನು ಗುಂಯ್ ಅನ್ನತೊಡಗಿದಾಗ ಎದ್ದೆ.
ಹಗ್ಗ ಹಿಡಿದು ಇಳಿದೆ, ಒಂದೊಂದೇ ಮೆಟ್ಟಿಲು.
ಸಂಜೆ ವರದಿ: ಕ್ಲೇಮು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ.
ಇತರೆ ಚೌಕಕ್ಕೆ ಗುರುತು ಹಾಕಿ
ಒಂದೂವರೆ ಗೆರೆ ಖಾಲಿ ಬಿಟ್ಟೆ.
ಹಳೆಯ ಫಾರ್ಮು ಅಲ್ಲೇ ಉಳಿದಿತ್ತು, ಕನ್ನಡಿಗೆ ಅಂಟಿಸಿದ್ದರು,
ಆಫೀಸಿಗೆಂದು ಇನ್ನೊಂದು ತುಂಬಬೇಕಾಯಿತು.